ಒಂದು ಗಂಟೆ, 40 ಜನ, ತಲೆಗೆ ಒಂದೂವರೆ ನಿಮಿಷದ ಇಂಗ್ಲಿಷ್

ಆನ್‌ಲೈನ್ ಸ್ಪೋಕನ್ ಇಂಗ್ಲಿಷ್ ಬ್ಯಾಚಿಗೆ ದುಡ್ಡು ಕಟ್ಟುವ ಮೊದಲು ಒಂದು ಭಾಗಾಕಾರ ಮಾಡಿ. ಒಂದು ಗಂಟೆಯ ಕ್ಲಾಸು, 40 ಜನ. ಮೇಷ್ಟ್ರು ಬಾಯಿಯೇ ಬಿಡಲಿಲ್ಲ ಅಂತಿಟ್ಟುಕೊಂಡರೂ ಒಬ್ಬೊಬ್ಬರ ಪಾಲಿಗೆ ಬರೋದು ಒಂದೂವರೆ ನಿಮಿಷ. ಆದರೆ ಮೇಷ್ಟ್ರು ಬಾಯಿ ಬಿಡ್ತಾರೆ. 12 ಟೆನ್ಸ್‌ಗಳ ಸ್ಲೈಡ್ ಹಾಕಿ ಮುಕ್ಕಾಲು ಗಂಟೆ ವಿವರಿಸಿ, ಕೊನೆಗೆ "ಎನಿ ಡೌಟ್ಸ್?" ಅಂತಾರೆ. ಎಲ್ಲರೂ ಮ್ಯೂಟ್. ಅದಕ್ಕೆ ಸ್ಪೋಕನ್ ಕ್ಲಾಸ್ ಅನ್ನೋ ಬೋರ್ಡು ಯಾಕೆ?

"30 ದಿನದಲ್ಲಿ ಫ್ಲುಯೆಂಟ್" ಅನ್ನೋದರ ಲೆಕ್ಕವೂ ಇಷ್ಟೇ ಪೊಳ್ಳು. ಪರೀಕ್ಷೆ ನಡೆಸುವ ಕೇಂಬ್ರಿಡ್ಜ್ ಸಂಸ್ಥೆಯ ಅಂದಾಜಿನಲ್ಲಿ, ಸೊನ್ನೆಯಿಂದ ಶುರು ಮಾಡಿದವರು ಬಿ1 ಹಂತ ಮುಟ್ಟೋಕೆ, ಅಂದರೆ ದಿನನಿತ್ಯದ ವ್ಯವಹಾರವನ್ನು ಯಾರ ಸಹಾಯವೂ ಇಲ್ಲದೆ ನಿಭಾಯಿಸೋಕೆ, 350ರಿಂದ 400 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕು. ನಮ್ಮಲ್ಲಿ ಹೆಚ್ಚಿನವರು ಸೊನ್ನೆಯಲ್ಲಿಲ್ಲ, ಸ್ಕೂಲಿನ ಇಂಗ್ಲಿಷ್ ತಲೆಯಲ್ಲಿ ಎಲ್ಲೋ ಇದ್ದೇ ಇರುತ್ತೆ. ಆದರೂ ದಿನಕ್ಕೊಂದು ಗಂಟೆಯಂತೆ 30 ಗಂಟೆಗೆ ಆಗೋದು ಬಾಯಿಯ ಬಿಗಿ ಸ್ವಲ್ಪ ಸಡಿಲ ಆಗೋದು, ಅಷ್ಟೇ. ಅದೂ ಬಾಯಿ ಆಡಿದರೆ.

ನನ್ನ ಪ್ರಕಾರ ಆರು ಜನ ಮೇಲ್ಮಿತಿ. ನಾಲ್ಕಾದರೆ ಇನ್ನೂ ಒಳ್ಳೆಯದು. ಎರಡು, ನಾಲ್ಕು, ಆರು ಆದರೆ ಜೋಡಿ ಮಾಡೋದು ಸುಲಭ. ಉಚಿತ ಜೂಮ್ 40 ನಿಮಿಷಕ್ಕೆ ಕಟ್ ಆಗುತ್ತೆ ಅಂತ ಗೊಣಗುವವರಿದ್ದಾರೆ. ನಿಜ ಹೇಳಬೇಕೆಂದರೆ ಸಂಜೆ ಕೆಲಸ ಮುಗಿಸಿ ಬಂದವರಿಗೆ 40 ನಿಮಿಷ ಸರಿಯಾದ ಅಳತೆ. ಮೊದಲ ಐದು ನಿಮಿಷ ಕುಶಲೋಪರಿ, ಮುಂದಿನ ಎಂಟು ನಿಮಿಷದಲ್ಲಿ ಆ ದಿನದ ಸಂದರ್ಭಕ್ಕೆ ಬೇಕಾದ ನಾಲ್ಕೈದು ವಾಕ್ಯ, ಆಮೇಲೆ 20 ನಿಮಿಷ ಜೋಡಿ ಮಾತು, ಉಳಿದದ್ದು ತಿದ್ದುಪಡಿಗೆ. ಜೂಮ್‌ನಲ್ಲಿ ಬ್ರೇಕ್‌ಔಟ್ ರೂಮ್ ಇದೆ, ಅಂದರೆ ಜೋಡಿಗಳನ್ನು ಬೇರೆ ಬೇರೆ ಕೋಣೆಗೆ ಕಳಿಸಿದ ಹಾಗೆ. ಉಚಿತ ಗೂಗಲ್ ಮೀಟ್‌ನಲ್ಲಿ ಅದಿಲ್ಲ, ಹಾಗಾಗಿ ಜೋಡಿಗಳು ಮೀಟ್ ಬಿಟ್ಟು ವಾಟ್ಸಾಪ್ ಕಾಲ್‌ನಲ್ಲಿ ಮಾತಾಡಿ ಹೇಳಿದ ಹೊತ್ತಿಗೆ ವಾಪಸ್ ಬರಬೇಕು. ಮೇಷ್ಟ್ರಿಗೆ ಕೇಳಿಸಲ್ವಲ್ಲ ಅಂತೀರಾ? ಎಷ್ಟೋ ಜನಕ್ಕೆ ಧೈರ್ಯ ಬರೋದೇ ಮೇಷ್ಟ್ರಿಗೆ ಕೇಳಿಸದಿದ್ದಾಗ.

ಎದುರಿಗೆ ಕೂತು ಕಲಿಸುವಾಗ ಮೊದಲು ಪ್ರಶ್ನೆ, ಆಮೇಲೆ ಹೆಸರು. ಎಲ್ಲರೂ ಯೋಚಿಸಲಿ ಅಂತ. ಆನ್‌ಲೈನ್‌ನಲ್ಲಿ ಉಲ್ಟಾ: ಮೊದಲು ಹೆಸರು ಕರೀರಿ, ಆಮೇಲೆ ಪ್ರಶ್ನೆ ಕೇಳಿ, ಕೇಳಿದ ಮೇಲೆ ಮನಸ್ಸಿನಲ್ಲೇ ಏಳರವರೆಗೆ ಎಣಿಸಿ. ಅನ್‌ಮ್ಯೂಟ್ ಮಾಡಬೇಕು, ನೆಟ್‌ವರ್ಕ್ ಒಂದು ಕ್ಷಣ ತಡ ಮಾಡುತ್ತೆ, ಉತ್ತರ ಕನ್ನಡದಿಂದ ಇಂಗ್ಲಿಷಿಗೆ ಬರಬೇಕು. ಮೂರನೇ ಸೆಕೆಂಡಿಗೆ ಮೇಷ್ಟ್ರೇ ಉತ್ತರ ಹೇಳಿಬಿಟ್ಟರೆ, ಮುಂದಿನ ವಾರದಿಂದ ಯಾರೂ ಯೋಚಿಸೋ ಗೋಜಿಗೇ ಹೋಗಲ್ಲ.

ಇಯರ್‌ಫೋನ್ ಕಡ್ಡಾಯ ಮಾಡಿ. ಗಂಡ-ಹೆಂಡತಿ ಒಂದೇ ಬ್ಯಾಚಿನಲ್ಲಿದ್ದು ಒಂದೇ ಕೋಣೆಯಲ್ಲಿ ಎರಡು ಫೋನ್ ಇಟ್ಟರೆ ಕ್ಲಾಸಿಡೀ ಕುಂಯ್ ಅನ್ನುತ್ತೆ. ಕಿಟಕಿಗೆ ಬೆನ್ನು ಮಾಡಿ ಕೂತರೆ ತುಟಿ ಕಾಣಲ್ಲ. ತುಟಿ ಕಾಣದೆ ಎಫ್ ಸದ್ದು ಕಲಿಸೋದು ಕಷ್ಟ.

ಸದ್ದಿನ ಮಾತು ಬಂತಲ್ಲ. ಕನ್ನಡಿಗರಿಗೆ ಇಲ್ಲಿ ಒಂದು ಲಾಭವೂ ಇದೆ: ಹ್ರಸ್ವ-ದೀರ್ಘ ನಮಗೆ ಹುಟ್ಟಿನಿಂದ ಗೊತ್ತು, ಶಿಪ್ ಯಾವುದು ಶೀಪ್ ಯಾವುದು ಅಂತ ತಿಣುಕಬೇಕಾಗಿಲ್ಲ. ತೊಂದರೆ ಬೇರೆ ಕಡೆ. ಪದದ ಕೊನೆಗೆ ಸ್ವರ ಇಲ್ಲದಿದ್ದರೆ ನಮ್ಮ ನಾಲಿಗೆ ಒಂದು ಉಕಾರ ಅಂಟಿಸುತ್ತೆ: ಬುಕ್ಕು, ರೋಡು, ಲೈಟು. ಪದದ ಮೊದಲಿಗೆ ಎಗ್ ಹೋಗಿ ಯೆಗ್, ಓನ್ಲಿ ಹೋಗಿ ವೋನ್ಲಿ. ಇವೆರಡನ್ನು ತಿದ್ದಿದರೆ ಸಾಕಷ್ಟಾಯಿತು. ಟಕಾರ ಡಕಾರ ದಪ್ಪ ಇದ್ದರೆ ಇರಲಿ ಬಿಡಿ. ಅಮೆರಿಕನ್ ಆಕ್ಸೆಂಟ್ ಅಂತ ಬೇರೆ ಫೀಸ್ ತಗೊಳ್ಳೋದು ಶುದ್ಧ ವ್ಯಾಪಾರ.

ಕ್ಲಾಸಿನಲ್ಲಿ ಕನ್ನಡವೇ ಬೇಡ ಅನ್ನುವವರ ಜೊತೆ ನನಗೆ ಜಗಳವಿದೆ. ತಪ್ಪು ಹುಟ್ಟೋದೇ ಕನ್ನಡದ ವಾಕ್ಯದೊಳಗೆ. ಅದನ್ನು ಬಚ್ಚಿಟ್ಟು ತಿದ್ದೋದು ಹೇಗೆ? "ಟುಮಾರೋ ಓನ್ಲಿ ಐ ವಿಲ್ ಕಮ್" ಅನ್ನೋದನ್ನೇ ತಗೊಳ್ಳಿ. ಗ್ರಾಮರ್ ಪುಸ್ತಕದಲ್ಲಿ ಇದಕ್ಕೆ ಮದ್ದಿಲ್ಲ. ಕನ್ನಡದಲ್ಲಿ ಯಾವ ಪದ ಮುಖ್ಯವೋ ಅದಕ್ಕೆ ಏ ಅಂಟಿಸ್ತೀವಿ: ನಾಳೆಯೇ ಬರ್ತೀನಿ, ಅವನೇ ಹೇಳಿದ್ದು, ಇಲ್ಲೇ ಇದೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡೋದು ದನಿ. ಏ ಸಿಗದೆ ಇದ್ದಾಗ ನಾವು ಓನ್ಲಿ ಹಿಡ್ಕೊಳ್ತೀವಿ.

ಹತ್ತು ನಿಮಿಷದ ಅಭ್ಯಾಸ ಸಾಕು. ವಾಕ್ಯ ಒಂದೇ: "ಐ ಕಾಲ್ಡ್ ರವಿ ಯೆಸ್ಟರ್‌ಡೇ." ಮೇಷ್ಟ್ರು ಕನ್ನಡದಲ್ಲಿ ಹೇಳ್ತಾರೆ, ಕಲಿಯುವವರು ಸರಿಯಾದ ಪದದ ಮೇಲೆ ಭಾರ ಹಾಕಿ ಇಂಗ್ಲಿಷಿನಲ್ಲಿ ಹೇಳಬೇಕು. "ರವಿಗೆ ನಿನ್ನೆ ಕಾಲ್ ಮಾಡಿದ್ದು ನಾನೇ" ಅಂದರೆ ಐ ಮೇಲೆ ಭಾರ. "ರವಿಗೇ ಮಾಡಿದೆ" ಅಂದರೆ ರವಿ ಮೇಲೆ. "ನಿನ್ನೆಯೇ ಮಾಡಿದೆ" ಅಂದರೆ ಯೆಸ್ಟರ್‌ಡೇ ಮೇಲೆ. "ಮೆಸೇಜ್ ಅಲ್ಲ, ಕಾಲೇ ಮಾಡಿದೆ" ಅಂದರೆ ಕಾಲ್ಡ್ ಮೇಲೆ. ನಾಲ್ಕು ಸಲ ಹೇಳುವಷ್ಟರಲ್ಲಿ ಮುಖ ಅರಳುತ್ತೆ. ಪ್ರತಿ ಅಕ್ಷರವನ್ನೂ ಒಂದೇ ತೂಕದಲ್ಲಿ ಉಚ್ಚರಿಸೋ ನಮ್ಮ ಅಭ್ಯಾಸವೂ ಇದರಲ್ಲೇ ಸ್ವಲ್ಪ ಕರಗುತ್ತೆ.

"ಐ ಡೋಂಟ್ ನೋ ವೇರ್ ಈಸ್ ಹಿ" ಬರೋದೂ ಹೀಗೇ. ಕನ್ನಡದಲ್ಲಿ "ಎಲ್ಲಿದ್ದಾನೆ" ಅನ್ನೋ ಪ್ರಶ್ನೆಯ ಮುಂದೆ "ಅಂತ ಗೊತ್ತಿಲ್ಲ" ಇಟ್ಟರೆ ಆಯ್ತು, ಪ್ರಶ್ನೆ ಒಂದಿಷ್ಟೂ ಅಲ್ಲಾಡಲ್ಲ. ಇಂಗ್ಲಿಷಿನಲ್ಲಿ "ವೇರ್ ಹಿ ಈಸ್" ಅಂತ ತಿರುಗಿಸಬೇಕು. ಕನ್ನಡದ ಆ "ಅಂತ" ಕಡೆ ಬೆರಳು ತೋರಿಸಿದರೆ ಬೇಗ ಅರ್ಥವಾಗುತ್ತೆ.

ಇನ್ನು ತಿದ್ದೋದು. ಮಾತಿನ ಮಧ್ಯೆ ತಡೀಬೇಡಿ. ಆನ್‌ಲೈನ್‌ನಲ್ಲಿ ಎರಡು ದನಿ ಒಟ್ಟಿಗೆ ಬಂದರೆ ಎರಡೂ ಕೇಳಲ್ಲ, ಹೇಳ್ತಿದ್ದವರು ಅಲ್ಲಿಗೆ ನಿಲ್ಲಿಸ್ತಾರೆ. ಪೇಪರ್ ಮೇಲೆ ಅವರ ವಾಕ್ಯವನ್ನೇ ಹಾಗೇ ಬರ್ಕೊಳ್ಳಿ, ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಬೇಡ. ಕೊನೆಗೆ ಚಾಟ್‌ನಲ್ಲಿ ಹಾಕಿ, ಹೆಸರಿಲ್ಲದೆ, "ಇದನ್ನು ಹೇಗೆ ಹೇಳಬಹುದು?" ಅಂತ ಕೇಳಿ. ನೀವೇ ಸರಿಯಾದ ರೂಪ ಹೇಳಿ ಮುಂದೆ ಹೋದರೆ ಅದು ಕಿವಿ ಪಕ್ಕದಲ್ಲೇ ಹಾದು ಹೋಗುತ್ತೆ. ಕೆನಡಾದ ಫ್ರೆಂಚ್ ಇಮ್ಮರ್ಶನ್ ತರಗತಿಗಳನ್ನು, ಅಂದರೆ ಪಾಠಗಳನ್ನೇ ಫ್ರೆಂಚಿನಲ್ಲಿ ಕಲಿಸುವ ತರಗತಿಗಳನ್ನು, ಗಮನಿಸಿ ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲೇ ಇದನ್ನು ಬರೆದರು: ಶಿಕ್ಷಕರು ಅತಿ ಹೆಚ್ಚು ಬಳಸುತ್ತಿದ್ದದ್ದು ಆ ವಿಧಾನವನ್ನೇ, ಮಕ್ಕಳು ಅತಿ ಕಡಿಮೆ ಸ್ಪಂದಿಸುತ್ತಿದ್ದದ್ದೂ ಅದಕ್ಕೇ.

ಮೊದಲ ದಿನವೇ ಕಲಿಸಬೇಕಾದದ್ದು ಟೆನ್ಸ್ ಅಲ್ಲ, ಮಾತು ಕೈಕೊಟ್ಟಾಗ ಹಿಡ್ಕೊಳ್ಳೋಕೆ ನಾಲ್ಕು ವಾಕ್ಯ. "ಸಾರಿ, ಕುಡ್ ಯೂ ಸೇ ದಟ್ ಅಗೇನ್?" "ಲೆಟ್ ಮಿ ಥಿಂಕ್." ಕನ್ನಡದಲ್ಲಿ "ಅದೂ... ಏನಂದ್ರೆ..." ಅಂತ ಎಷ್ಟು ಹೊತ್ತು ಬೇಕಾದರೂ ತಳ್ತೀವಿ, ಇಂಗ್ಲಿಷಿನಲ್ಲಿ ಅಂಥದ್ದೇನೂ ಕೈಗೆ ಸಿಗದೆ ಮೂಕರಾಗ್ತೀವಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನಿಗೆ ಇಮಿಗ್ರೇಷನ್ ಕೌಂಟರಿನಲ್ಲಿ ಬೇಕಾಗೋದು ಪ್ಯಾಸಿವ್ ವಾಯ್ಸ್ ಅಲ್ಲ. ಯಾಕೆ ಬಂದಿರಿ, ಎಷ್ಟು ದಿನ ಇರ್ತೀರಿ, ಎಲ್ಲಿ ಇರ್ತೀರಿ ಅನ್ನೋ ಪ್ರಶ್ನೆಗಳಿಗೆ ಉತ್ತರ, ಜೊತೆಗೆ ಅಧಿಕಾರಿ ಬೇಗ ಬೇಗ ಮಾತಾಡಿದಾಗ "ಸ್ಲೋಲಿ, ಪ್ಲೀಸ್" ಅನ್ನೋ ಧೈರ್ಯ.

ಮಾತು ಸರಾಗವಾಗೋಕೆ ಭಾಷಾ ಕಲಿಕೆಯ ವಿದ್ವಾಂಸ ಪಾಲ್ ನೇಶನ್ ಬರಹಗಳಿಂದ ಹೆಸರಾದ 4-3-2 ವಿಧಾನ ಇದೆ: ಒಂದೇ ವಿಷಯವನ್ನು ಮೂರು ಬೇರೆ ಬೇರೆ ಜನಕ್ಕೆ, ನಾಲ್ಕು, ಮೂರು, ಎರಡು ನಿಮಿಷದಲ್ಲಿ ಹೇಳೋದು. ಹೊಸಬರಿಗೆ ನಾಲ್ಕು ನಿಮಿಷ ದೊಡ್ಡ ಬೆಟ್ಟ, ಎರಡು, ಒಂದೂವರೆ, ಒಂದು ಮಾಡಿ. ಮನೆಯಲ್ಲಾದರೆ ಕಡೆಯ ಒಂದು ನಿಮಿಷದ್ದನ್ನು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಲಿ. ಬರೆದುಕೊಂಡು ಓದಿದ್ದಾರಾ ಅಂತ ಕೇಳಿದ ತಕ್ಷಣ ಗೊತ್ತಾಗುತ್ತೆ. ಓದಿದ್ದರಲ್ಲಿ ತಡವರಿಕೆಯೇ ಇರಲ್ಲ.

ಆರು ಜನರ ಆರು ಮೆಸೇಜ್ ಕೇಳಿ, ಒಬ್ಬೊಬ್ಬರಿಗೆ ಒಂದೇ ತಿದ್ದುಪಡಿ ದನಿಯಲ್ಲೇ ಕಳಿಸೋಕೆ ಮೇಷ್ಟ್ರಿಗೆ ದಿನಕ್ಕೆ ಕಾಲು ಗಂಟೆ ಹಿಡಿಯುತ್ತೆ. ಕಲಿಸುವವರು ಆ ಕಾಲು ಗಂಟೆಯನ್ನೂ ಫೀಸಿನಲ್ಲಿ ಸೇರಿಸಿಯೇ ಹೇಳಿ, ಮುಜುಗರ ಬೇಡ. ಕಲಿಯುವವರು ಡೆಮೊ ಕ್ಲಾಸಿನಲ್ಲಿ ಸಿಲಬಸ್ ಕೇಳೋದು ಬಿಟ್ಟು ಇಷ್ಟು ಕೇಳಿ: "ಸರ್, ನಾನು ವಾಯ್ಸ್ ಮೆಸೇಜ್ ಕಳಿಸಿದರೆ ಅದನ್ನು ಕೇಳೋದು ಯಾರು?"