ಸೋಲೋದಕ್ಕೂ ಬರಬೇಕು

ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ಕ್ರೀಡಾ ಕಾರ್ಯದರ್ಶಿಗಳು ಲಿಫ್ಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು: "ಮೇಡಂ, ಇವತ್ತಿನ ಮ್ಯಾಚ್ ಸೋತುಬಿಡಿ."

ರಾಜ್ಯೋತ್ಸವದ ಹೆಸರಿನಲ್ಲಿ ನಡೆಯುವ ಬ್ಯಾಡ್ಮಿಂಟನ್ ಟೂರ್ನಿ. ಮಹಿಳೆಯರ ಡಬಲ್ಸಿಗೆ ಆರು ಜೋಡಿ, ಎರಡು ಗುಂಪು. ನಮ್ಮ ಗುಂಪಿನ ಸಿ ಬ್ಲಾಕಿನವರು ಯಾರದೋ ಮದುವೆ ಅಂತ ಶಿವಮೊಗ್ಗಕ್ಕೆ ಹೋಗಿದ್ದರಿಂದ ನಾನೂ ನನ್ನ ಎದುರುಮನೆಯವರೂ ರ‍್ಯಾಕೆಟ್ ಮುಟ್ಟದೆ ಸೆಮಿಫೈನಲ್ ತಲುಪಿದ್ದೆವು. ಉಳಿದ ಒಂದು ಪಂದ್ಯ ಗೆದ್ದರೆ ಗುಂಪಿಗೆ ನಾವೇ ಮೊದಲು. ಮೊದಲು ಬಂದರೆ ಸೆಮಿಯಲ್ಲಿ ಬಿ ಬ್ಲಾಕಿನ ತಾಯಿ-ಮಗಳು ಸಿಗುತ್ತಾರೆ. ಮಗಳು ಕಾಲೇಜ್ ಟೀಮಿನವಳು. ತಾಯಿಯ ಸ್ಮ್ಯಾಶ್ ಅಂದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜಮಖಾನ ಬಡಿದ ಹಾಗೆ. ಅದಕ್ಕೇ ಈ ಸಲಹೆ. ಎರಡನೆಯವರಾಗಿ ಹೋಗಿ, ಸುಲಭದ ಜೋಡಿ ಸಿಗುತ್ತೆ, ಆಮೇಲೆ ಫೈನಲ್‌ನಲ್ಲಿ ನೋಡ್ಕೊಳ್ಳೋಣ.

ನನಗೆ ಸಿಟ್ಟು ಬಂದದ್ದು ಸೋಲಿ ಅಂದದ್ದಕ್ಕಲ್ಲ. ಅದನ್ನು ಬಾಯಿ ಬಿಟ್ಟು ಹೇಳಿದರಲ್ಲ, ಅದಕ್ಕೆ. ನಮ್ಮ ಆಟ ನೋಡಿದ ಯಾರೂ ನಮಗೆ ಸೋಲುವುದನ್ನು ಹೇಳಿಕೊಡಲು ಬರುವುದಿಲ್ಲ. ಹಾಗೇ ಬಿಟ್ಟರೆ ನಾವು ಗೆದ್ದೇಬಿಡುತ್ತೇವೆ ಅಂದುಕೊಂಡಿದ್ದಾರಲ್ಲ ಅಂತ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು ಅನ್ನಿ. ಆದರೆ ಖುಷಿಯನ್ನು ಮುಖದಲ್ಲಿ ತೋರಿಸಲಿಲ್ಲ. "ನೋಡೋಣ ಸರ್" ಅಂತ ಬಿಗಿಯಾಗಿ ಹೇಳಿ ಬೇಸ್‌ಮೆಂಟಿಗೆ ಇಳಿದೆ.

ಇದೇ ಬುದ್ಧಿವಂತಿಕೆಯನ್ನು 2012ರ ಜುಲೈ 31ರಂದು ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಯಾರೋ ಮಾಡಲು ಹೋಗಿದ್ದರು. ಒಲಿಂಪಿಕ್ಸಿನ ಮಹಿಳೆಯರ ಡಬಲ್ಸ್. ಆ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಕಡೆ ಚೀನಾದ ವಾಂಗ್ ಷಿಯಾವೊಲಿ ಮತ್ತು ಯು ಯಾಂಗ್, ಆಗಿನ ವಿಶ್ವದ ನಂಬರ್ ಒನ್ ಜೋಡಿ. ಇನ್ನೊಂದು ಕಡೆ ಕೊರಿಯಾದ ಇಬ್ಬರು. ಚೀನಾದ್ದೇ ಇನ್ನೊಂದು ಜೋಡಿ, ತಿಯಾನ್ ಚಿಂಗ್ ಮತ್ತು ಝಾವೊ ಯುನ್‌ಲೈ, ಡೆನ್ಮಾರ್ಕಿನವರ ಎದುರು ಸೋತು ತಮ್ಮ ಗುಂಪಿನಲ್ಲಿ ಎರಡನೆಯವರಾಗಿದ್ದರು. ಈಗ ವಾಂಗ್-ಯು ಗೆದ್ದರೆ ಸೆಮಿಯಲ್ಲೇ ಮನೆಯವರ ಎದುರು ಆಡಬೇಕು. ಸೋತರೆ ಫೈನಲ್ ತನಕ ಬಚಾವು. ಕೊರಿಯಾದವರಿಗೂ ಗೆಲುವು ಬೇಕಿರಲಿಲ್ಲ. ಸರ್ವೀಸ್ ಮಾಡಿದರೆ ನೆಟ್ಟಿಗೆ. ಎತ್ತಿ ಹೊಡೆದರೆ ಗೆರೆಯಾಚೆ. ಮೊದಲ ಗೇಮಿನ ಅತಿ ಉದ್ದದ ರ‍್ಯಾಲಿ ಎಷ್ಟು ಗೊತ್ತಾ? ನಾಲ್ಕು ಹೊಡೆತ. ನಮ್ಮ ಬೇಸ್‌ಮೆಂಟಿನಲ್ಲಿ ಕೂಡ ಅದಕ್ಕಿಂತ ಜಾಸ್ತಿ ಆಗುತ್ತದೆ, ಕಾಕ್ ಮೇಲಿನ ಪೈಪಿಗೆ ತಾಗದಿದ್ದರೆ.

ಜನ ಕೂಗಾಡಿದರು. ರೆಫರಿ ಕೋರ್ಟಿಗೇ ಬಂದು ಗದರಿದರು. ನನಗೆ ಮಾತ್ರ ಆ ನಾಲ್ವರ ಮುಖ ನೋಡಿದಾಗಲೆಲ್ಲ ಅರಕಲಗೂಡಿನ ನಮ್ಮಜ್ಜಿ ಮನೆ ಜಗಲಿ ನೆನಪಾಗುತ್ತದೆ.

ಅಲ್ಲಿ ಬೇಸಿಗೆ ರಜೆಯೆಂದರೆ ಚೌಕಾಬಾರ. ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ಕತ್ತರಿ ಗುರುತು ಹಾಕಿದ ಮನೆಗಳಲ್ಲಿ ಯಾರೂ ಹೊಡೆಯುವಂತಿಲ್ಲ. ಕವಡೆ ಅಜ್ಜಿಯ ಪೆಟ್ಟಿಗೆಯಲ್ಲಿ ಭದ್ರವಾಗಿ ಇರುತ್ತಿತ್ತು, ಮಕ್ಕಳ ಕೈಗೆ ಸಿಗುತ್ತಿರಲಿಲ್ಲ. ನಮಗೆ ಹುಣಸೆ ಬೀಜ. ಎರಡು ಬೀಜವನ್ನು ಹೊಸ್ತಿಲ ಕಲ್ಲಿಗೆ ಉಜ್ಜಿ ಉಜ್ಜಿ ಸೀಳಿದರೆ ನಾಲ್ಕು ಹೋಳು. ಒಂದು ಮೈ ಬಿಳಿ, ಒಂದು ಮೈ ಕಪ್ಪು. ಉಜ್ಜುವಾಗ ಬೆರಳು ಸುಡುತ್ತಿತ್ತು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ.

ಅಜ್ಜಿಗೆ ಸೋಲು ಅಂದರೆ ಆಗುತ್ತಿರಲಿಲ್ಲ. ಅವಳನ್ನು ಸೋಲಿಸಿದವರಿಗೆ ಎರಡು ದಿನ ಕಾಫಿ ಲೋಟವನ್ನು ಕುಕ್ಕಿ ಇಡುತ್ತಿದ್ದಳು. ಹಾಗಂತ ಅವಳಿಗೆ ಸೋಲುವುದೂ ಸುಲಭವಲ್ಲ. ಸೋತರೆ ಸಂತೆಗೆ ಹೋಗಿ ಬರುವ ತನಕ ದಾರಿಯಲ್ಲಿ ಸಿಕ್ಕವರಿಗೆಲ್ಲ, "ಪಟ್ಟಣದಲ್ಲಿ ಓದ್ತಾಳೆ, ಎಂಟು ಮನೆ ಎಣಿಸೋಕೆ ಬರಲ್ಲ" ಅಂತ ನಮ್ಮ ಕಥೆ ಹೇಳುತ್ತಿದ್ದಳು. ಹೀಗಾಗಿ ಆ ಮನೆಯಲ್ಲಿ ಜಾಣರೆಲ್ಲ ಒಂದೇ ಕೆಲಸ ಮಾಡುತ್ತಿದ್ದರು. ಅಜ್ಜಿಯ ಎದುರು ಕೂರುವ ಪ್ರಸಂಗವೇ ಬರದಂತೆ ನೋಡಿಕೊಳ್ಳುತ್ತಿದ್ದರು.

ಒಂದು ವರ್ಷ ಅಜ್ಜಿಯೇ ಪಂದ್ಯ ಇಟ್ಟಳು. ಕರೆಂಟು ಹೋದ ಮಧ್ಯಾಹ್ನ. ಎದುರುಬದುರು ಕೂತವರು ಜೋಡಿ. ಒಂದು ಜೋಡಿ ದೊಡ್ಡಮ್ಮ ಮತ್ತು ಚಿಕ್ಕಮ್ಮ, ಇನ್ನೊಂದು ಜೋಡಿ ನಾನು ಮತ್ತು ನಮ್ಮಕ್ಕ. ಗೆದ್ದವರು ಅಜ್ಜಿ ಮತ್ತು ಅವಳ ಓರಗಿತ್ತಿ, ಅಂದರೆ ನಮ್ಮ ಚಿಕ್ಕಜ್ಜಿ, ಇವರ ಎದುರು ಆಡಬೇಕು. ಬಹುಮಾನ ಒಂದು ಡಬ್ಬಿ ಕೋಡುಬಳೆ.

ನಾನೂ ಅಕ್ಕನೂ ಕೂರುವ ಮೊದಲೇ ಕಣ್ಣಲ್ಲಿ ಮಾತಾಡಿಕೊಂಡೆವು. ಸೋಲೋಣ. ಆದರೆ ಅಂಥದೇ ಕಣ್ಣಿನ ಮಾತು ದೊಡ್ಡಮ್ಮ-ಚಿಕ್ಕಮ್ಮನ ನಡುವೆಯೂ ಆಗಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಚೌಕಾಬಾರದಲ್ಲಿ ಒಂದು ನಿಯಮವಿದೆ. ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ. ಒಳಗೆ ಹೋಗದೆ ಕಾಯಿ ನಡುಮನೆ ಸೇರಿ ಹಣ್ಣಾಗುವುದಿಲ್ಲ. ನಾವು ಹೊಡೆಯಲಿಲ್ಲ. ಅವರೂ ಹೊಡೆಯಲಿಲ್ಲ. ದೊಡ್ಡಮ್ಮನ ಕಾಯಿ ನನ್ನ ಮುಂದೆ ಮೂರನೇ ಮನೆಯಲ್ಲಿ ಕುರಿಯ ಹಾಗೆ ನಿಂತಿದೆ, ನನಗೆ ಮೂರೇ ಬೀಳುತ್ತದೆ, ನಾನು ಬೇರೆ ಕಾಯಿ ನಡೆಸುತ್ತೇನೆ. ದೊಡ್ಡಮ್ಮನಿಗೆ ಅದು ಅರ್ಥವಾಗುತ್ತದೆ. ಅವಳಿಗೆ ಎರಡು ಬೀಳುತ್ತದೆ, ಎರಡು ಮನೆ ಆಚೆ ಅಕ್ಕನ ಕಾಯಿ ಇದೆ, ಅವಳು "ಅಯ್ಯೋ ಕಣ್ಣೇ ಕಾಣಲ್ಲ" ಅಂತ ಎಲ್ಲಿಂದಲೋ ಇನ್ನೊಂದು ಕಾಯಿ ತಳ್ಳುತ್ತಾಳೆ. ಹದಿನಾರು ಕಾಯಿಗಳು, ಬಳೆ ಚೂರು, ಕಡಲೆಬೀಜ, ಗುಂಡಿ, ಗಾಜು, ಹೊರಗಿನ ಸುತ್ತಿನಲ್ಲಿ ದೇವಸ್ಥಾನದ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತುತ್ತಲೇ ಇದ್ದವು. ಚಿಕ್ಕಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಅವಳು ಯಾವತ್ತೂ ಹಾಗೇ, ಕೆಲಸ ಕೆಡಿಸುವವಳು.

ಅಜ್ಜಿ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ನೋಡುತ್ತಿರಲಿಲ್ಲ. ಕೇಳುತ್ತಿದ್ದಳು. ಒಂದು ಗಂಟೆಯಾದ ಮೇಲೆ ಬತ್ತಿಯನ್ನು ತಟ್ಟೆಯಲ್ಲಿಟ್ಟು ಕೇಳಿದಳು:

"ಇಷ್ಟು ಹೊತ್ತಾಯ್ತು. ಒಂದು ಕಾಯೀನೂ ಸತ್ತಿಲ್ಲ. ಯಾವೂರ ಆಟ ಕಣ್ರೇ ಇದು?"

ಯಾರೂ ಉಸಿರೆತ್ತಲಿಲ್ಲ. ಅಜ್ಜಿ ಎದ್ದು ಒಳಗೆ ಹೋಗಿ ಒದ್ದೆ ಬಟ್ಟೆ ತಂದಳು. ಕಾಯಿಗಳನ್ನೆಲ್ಲ ಒಂದು ಕಡೆ ಗುಡಿಸಿ, ಇಪ್ಪತ್ತೈದು ಮನೆಗಳನ್ನೂ ಒರೆಸಿ ಹಾಕಿದಳು. "ನಾಲ್ಕೂ ಜನ ಏಳಿ ಮೇಲೆ." ನಲವತ್ತು ದಾಟಿದ ದೊಡ್ಡಮ್ಮನೂ ಶಾಲೆಯ ಹುಡುಗಿಯ ಹಾಗೆ ಎದ್ದು ನಿಂತಳು. ಆಮೇಲೆ ಅಜ್ಜಿ ಹೊಸದಾಗಿ ಮನೆ ಬರೆದು, ಗೋಡೆಗೆ ಒರಗಿ ಮೂಗೊರೆಸಿಕೊಳ್ಳುತ್ತಿದ್ದ ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳನ್ನು ಕರೆದಳು. ಒಂದಕ್ಕೆ ಆರು, ಇನ್ನೊಂದಕ್ಕೆ ಐದು. "ಬನ್ನಿ, ನೀವಾಡಿ."

ಆ ಪಿಳ್ಳೆಗಳು ಅಜ್ಜಿಯನ್ನೂ ಚಿಕ್ಕಜ್ಜಿಯನ್ನೂ ಸೋಲಿಸಿದವು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಅಜ್ಜಿ ಹೊಡೆಯಬೇಕಾದ ಕಡೆಯೆಲ್ಲ ಹೊಡೆದಳು, ಬೈದಳು, ಬಾರ ಬಿದ್ದಾಗ ತೊಡೆ ತಟ್ಟಿದಳು. ಕೊನೇ ಕಾಯಿ ಹಣ್ಣಾಗಲು ಒಂದು ಬೇಕಿದ್ದಾಗ ಅವಳಿಗೆ ಎರಡು, ಮೂರು, ಎರಡು, ಮೂರು ಬೀಳುತ್ತಲೇ ಹೋಯಿತು. ಅವಳು ಬೇಕೆಂದೇ ಸೋತಳೋ, ಹುಣಸೆ ಬೀಜ ಕೈಕೊಟ್ಟಿತೋ, ಇವತ್ತಿಗೂ ಹೇಳಲಾರೆ. ಅವತ್ತು ಕಾಫಿ ಲೋಟವನ್ನು ಯಾರಿಗೂ ಕುಕ್ಕಲಿಲ್ಲ. ಕೋಡುಬಳೆ ಡಬ್ಬಿ ಆ ಮಕ್ಕಳ ಪಾಲಾಯಿತು. ನಮಗೊಂದು ಚೂರೂ ಕೊಡಲಿಲ್ಲ ಅವು.

ಎಲ್ಲಿದ್ದೆ? ವೆಂಬ್ಲಿಯಲ್ಲಿ.

ಅದೇ ದಿನ ಇನ್ನೊಂದು ಪಂದ್ಯದಲ್ಲಿ ಕೊರಿಯಾದ ಇನ್ನೊಂದು ಜೋಡಿ ಮತ್ತು ಇಂಡೋನೇಷ್ಯಾದ ಗ್ರೇಸಿಯಾ ಪೊಲಿ-ಮೈಲಿಯಾನಾ ಜೌಹರಿ ಜೋಡಿ ಕೂಡ ಸೋಲಲು ಪೈಪೋಟಿಗೆ ಬಿದ್ದರು. ಇವರಿಗೆ ಕ್ವಾರ್ಟರ್ ಫೈನಲ್‌ನಲ್ಲಿ ವಾಂಗ್-ಯು ಬೇಡವಾಗಿತ್ತು. ಮರುದಿನ ಬ್ಯಾಡ್ಮಿಂಟನ್ ವಿಶ್ವ ಫೆಡರೇಷನ್ ಒದ್ದೆ ಬಟ್ಟೆ ತಂದಿತು. ಎಂಟೂ ಜನ ಹೊರಗೆ. ಅವರ ಗುಂಪುಗಳಲ್ಲಿ ಮೂರನೆಯವರು, ನಾಲ್ಕನೆಯವರು ಒಳಗೆ ಬಂದರು. ಗುಂಪಿನ ಮೂರೂ ಪಂದ್ಯ ಸೋತಿದ್ದ ಕೆನಡಾದ ಜೋಡಿ ಕ್ವಾರ್ಟರ್ ಫೈನಲ್ ಆಡಿತು, ಗೆದ್ದಿತು, ಸೆಮಿಗೂ ಹೋಯಿತು. ರಷ್ಯಾದವರು ಕಂಚು ಒಯ್ದರು.

ಇಲ್ಲಿಗೆ ಬಂದಾಗ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ. ಯಾಕೆಂದರೆ ಅದೇ ಒಲಿಂಪಿಕ್ಸಿನಲ್ಲಿ ಜ್ವಾಲಾ ಗುಟ್ಟಾ ಮತ್ತು ನಮ್ಮ ಅಶ್ವಿನಿ ಪೊನ್ನಪ್ಪ ಗುಂಪಿನಲ್ಲಿ ಎರಡು ಪಂದ್ಯ ಗೆದ್ದಿದ್ದರು. ನೆಟ್ಟಗೆ ಆಡಿ ಗೆದ್ದಿದ್ದರು. ಜಪಾನಿನವರದೂ ಎರಡು ಗೆಲುವು, ಚೈನೀಸ್ ತೈಪೆಯವರದೂ ಎರಡು. ಲೆಕ್ಕ ಹಾಕಿದಾಗ ನಮ್ಮವರು ಒಂದೇ ಒಂದು ಪಾಯಿಂಟಿನಲ್ಲಿ ಹೊರಗೆ. ಜಪಾನ್ ತನ್ನ ಕೊನೆಯ ಪಂದ್ಯ ಸೋತ ರೀತಿಯ ಬಗ್ಗೆ ಭಾರತ ದೂರು ಕೊಟ್ಟಿತು, ಅದು ನಿಲ್ಲಲಿಲ್ಲ. ಎರಡು ಗೆದ್ದವರು ಮನೆಗೆ, ಒಂದೂ ಗೆಲ್ಲದವರು ಸೆಮಿಗೆ. ಕೆನಡಾದವರ ಮೇಲೆ ನನಗೇನೂ ಕೋಪವಿಲ್ಲ, ಅವರು ಗೋಡೆಗೆ ಒರಗಿ ಕೂತಿದ್ದ ಮಕ್ಕಳು. ಆದರೂ ಕೋಡುಬಳೆ ಕೋಡುಬಳೆಯೇ.

ಜ್ವಾಲಾ-ಅಶ್ವಿನಿ ಜೋಡಿಯ ಬಗ್ಗೆ ನಮ್ಮವರಿಗೆ ಅಷ್ಟೇನೂ ನೆನಪಿಲ್ಲ ಅನ್ನುವುದು ಇನ್ನೊಂದು ಸಂಕಟ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ. 2011ರಲ್ಲಿ ಇದೇ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು. ಬ್ಯಾಡ್ಮಿಂಟನ್ ಅಂದರೆ ಜನ ಸೈನಾ ಅನ್ನುತ್ತಾರೆ, ಸಿಂಧು ಅನ್ನುತ್ತಾರೆ, ಅನ್ನಲಿ, ಬೇಡ ಅಂದವರಾರು? ಡಬಲ್ಸ್ ಅಂದರೆ ಮಾತ್ರ "ಅದು ಇಬ್ಬರು ಸೇರಿ ಆಡೋದಲ್ವಾ, ಅರ್ಧ ಕೆಲಸ" ಅಂತ ನಮ್ಮ ಮೂರನೇ ಮಹಡಿಯ ಹಿರಿಯರೊಬ್ಬರು ಅಂದಿದ್ದರು. 2016ರಲ್ಲಿ ವುಹಾನಿನ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಡಬಲ್ಸ್ ಸೆಮಿಫೈನಲ್ ಒಂದು 161 ನಿಮಿಷ ನಡೆದಿತ್ತು. ಆ ಅರ್ಧ ಕೆಲಸವನ್ನು ಅವರು ಐದು ನಿಮಿಷ ಮಾಡಲಿ, ನಾನೇ ಶುಂಠಿ ಕಷಾಯ ಮಾಡಿಕೊಂಡು ಹೋಗುತ್ತೇನೆ.

ಆ 161 ನಿಮಿಷ ಆಡಿ ಸೋತವರಲ್ಲಿ ಒಬ್ಬಳು ಅದೇ ಗ್ರೇಸಿಯಾ ಪೊಲಿ. ಲಂಡನ್ನಿನಲ್ಲಿ ಸೋಲಲು ಹೋಗಿ ಸಿಕ್ಕಿಬಿದ್ದವಳು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, 33ನೇ ವಯಸ್ಸಿನಲ್ಲಿ, ಅಪ್ರಿಯಾನಿ ರಹಾಯು ಜೊತೆ ಚಿನ್ನ ಗೆದ್ದಳು. ಆ ಫೈನಲ್‌ನಲ್ಲಿ ರ‍್ಯಾಲಿಯ ನಡುವೆ ಅವಳ ರ‍್ಯಾಕೆಟ್ಟಿನ ತಂತಿ ಕಿತ್ತುಹೋಯಿತು. ಬದಿಗೆ ಓಡಿ ಬೇರೆ ರ‍್ಯಾಕೆಟ್ ಎತ್ತಿಕೊಂಡು ಬಂದಳು. ಅಷ್ಟರ ತನಕ ಅಪ್ರಿಯಾನಿ ಒಬ್ಬಳೇ ಇಡೀ ಕೋರ್ಟು ನೋಡಿಕೊಂಡಳು. ಒಲೆ ಮೇಲೆ ಹಾಲಿಟ್ಟು ಫೋನಿಗೆ ಓಡುವವರಿಗೆ ಆ ಕೆಲವು ಸೆಕೆಂಡಿನ ಬೆಲೆ ಗೊತ್ತು.

ಲಂಡನ್ ಆದ ಮೇಲೆ ನಿಯಮವೂ ಬದಲಾಯಿತು. ಗುಂಪಿನಲ್ಲಿ ಎರಡನೆಯವರಾದವರಿಗೆ ಯಾರು ಸಿಗುತ್ತಾರೆ ಅನ್ನುವುದು ಆಮೇಲೆ ಚೀಟಿ ಎತ್ತಿದಾಗಲೇ ಗೊತ್ತಾಗುವುದು. ಸುಮ್ನೆ ಸೋತು ಲಾಭವಿಲ್ಲ. ಈ ಸುದ್ದಿ ನಮ್ಮ ಕ್ರೀಡಾ ಕಾರ್ಯದರ್ಶಿಗಳಿಗೆ ಇನ್ನೂ ತಲುಪಿಲ್ಲ.

ನಾನು ನನ್ನ ಜೋಡಿಗೆ ವಿಷಯ ಹೇಳಿದೆ. ಅವರು ಶೂ ಲೇಸು ಕಟ್ಟುತ್ತಿದ್ದವರು ತಲೆ ಎತ್ತಿ, "ಅವರಪ್ಪನಾಣೆ ಗೆಲ್ತೀವಿ ಇವತ್ತು" ಅಂದರು. ನಾವು ಹಠ ಹಿಡಿದು ಆಡಿದೆವು. ಬಿದ್ದೆವು, ಎದ್ದೆವು. ನಡುವೆ ಬಿದ್ದ ಕಾಕ್‌ಗೆ ಇಬ್ಬರೂ "ನಿಮ್ದು, ನಿಮ್ದು" ಅಂದೆವು. ನನ್ನ ಸರ್ವೀಸು ಸತತ ಮೂರು ಸಲ ನೆಟ್ಟಿಗೆ ಹೋಯಿತು. ನನ್ನ ಜೋಡಿಯ ಸ್ಮ್ಯಾಶ್ ಒಂದು ನನ್ನ ಬೆನ್ನಿಗೇ ಬಿತ್ತು. 21–9, 21–7. ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಕಾರ್ಯದರ್ಶಿಗಳು ನೀರಿನ ಬಾಟಲಿ ಹಿಡಿದು ನಿಂತಿದ್ದರು. ಮುಖ ಅರಳಿತ್ತು.

"ಸೂಪರ್ ಮೇಡಂ. ಒಬ್ಬರಿಗೂ ಡೌಟ್ ಬರಲಿಲ್ಲ."

ಲಿಫ್ಟಿನಲ್ಲಿ ನಾವಿಬ್ಬರೇ. ಎರಡನೇ ಮಹಡಿ ದಾಟುವ ತನಕ ನನ್ನ ಜೋಡಿ ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಮುಖ ನೋಡದೆ, ನಂಬರ್ ನೋಡುತ್ತಾ ಕೇಳಿದರು:

"ನಿಜ ಹೇಳ್ರಿ, ಆ ಮೂರು ಸರ್ವೀಸು ಬೇಕೂಂತ್ಲೇ ಹೊಡೆದ್ರಾ?"