ಗಿಟಾರ್ ಹಿಡಿದವನಿಗೆ ಮಾತ್ರ ಯಾಕೆ ಈ ಪರೀಕ್ಷೆ?

ಶಾಸ್ತ್ರೀಯವೂ ಬರದೆ, ಜಾಝೂ ಬರದೆ ಇರೋರು ಮಾಡೋದೇ ಫ್ಯೂಷನ್ ಅಂತೆ. ನಿನ್ನೆ ಸಂಜೆ ಚೌಡಯ್ಯ ಹಾಲ್‌ನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೇಳಿದ್ದು. ವೇದಿಕೆ ಮೇಲಿದ್ದ ಹುಡುಗ ಆಗಷ್ಟೇ ಗಿಟಾರ್‌ನಲ್ಲಿ ಕಲ್ಯಾಣಿ ರಾಗದ ಆಲಾಪನೆ ಮುಗಿಸಿ, ಪಿಯಾನೋ ಜೊತೆ ಜಾಝ್ ಕಡೆ ಹೊರಳಿದ್ದ. "ನೋಡಮ್ಮ, ಮೆಟ್ಟಿಲಿರೋ ವಾದ್ಯದಲ್ಲಿ ಗಮಕ ಎಲ್ಲಿಂದ ಬರಬೇಕು? ಮೊದಲಿಗೆ ಅದು ನಮ್ಮ ವಾದ್ಯವೇ ಅಲ್ಲ" ಅಂದರು. ಮೆಟ್ಟಿಲು ಅಂದರೆ ತಂತಿಯ ಕೆಳಗಿರೋ ಅಡ್ಡಪಟ್ಟಿ, ಗಮಕ ಅಂದರೆ ಸ್ವರವನ್ನ ತೂಗಿ, ಜಾರಿಸಿ ನುಡಿಸೋದು. ಹಿರಿಯರು ಅಂತ ಅಲ್ಲಿ ಸುಮ್ಮನಿದ್ದೆ. ಮನೆಗೆ ಬಂದ ಮೇಲೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಾವು ಕೂತಿದ್ದ ಕಟ್ಟಡವೇ ಪಿಟೀಲಿನ ಆಕಾರದ್ದು. ಪಿಟೀಲು ಎಲ್ಲಿಂದ ಬಂತು? ಯುರೋಪಿನಿಂದ. ಅದನ್ನ ಕರ್ನಾಟಕ ಸಂಗೀತಕ್ಕೆ ತಂದವರು ಅಂತ ನಾವು ನೆನೆಯೋದು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರನ್ನ. ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ತಂತಿ ಜಾಸ್ತಿ ಮಾಡಿ ಏಳು ತಂತಿಯ ಪಿಟೀಲು ನುಡಿಸಿದರು. ಅಂಥವರ ಹೆಸರಿನ ಸಭಾಂಗಣದಲ್ಲಿ ಕೂತು ಗಿಟಾರ್ ನಮ್ಮದಲ್ಲ ಅಂದರೆ ಹೇಗೆ?

ಇನ್ನು ಮೆಟ್ಟಿಲಿನ ಮಾತು. ನಾನು ವೀಣೆಯವಳು, ನಿಮಗೆಲ್ಲ ಗೊತ್ತು. ವೀಣೆಗೆ ಇರೋದು 24 ಮೆಟ್ಟಿಲು, ಮೇಣದಲ್ಲಿ ಕೂರಿಸಿದ್ದು, ಅಲ್ಲಾಡಲ್ಲ. ಗಮಕ ಬರೋದು ತಂತಿಯನ್ನ ಪಕ್ಕಕ್ಕೆ ಎಳೆದಾಗ. ತೋಡಿ ರಾಗದ ಗಾಂಧಾರ ಸ್ವರವನ್ನ ನಾವು ಎಳೆದೇ ತೆಗೆಯೋದು. ಹಾಗಾದ್ರೆ ವೀಣೆಯಲ್ಲೂ ಗಮಕ ಇಲ್ವಾ? ಗಿಟಾರ್‌ನಲ್ಲಿ ತೊಂದರೆ ಇರೋದು ಬೇರೆ ಕಡೆ. ತಂತಿ ಬಿಗಿ, ಮೆಟ್ಟಿಲು ತೀರಾ ತಗ್ಗು, ಬೆರಳು ಮರಕ್ಕೆ ತಾಗಿಬಿಡುತ್ತೆ. ಎಳೆಯೋಕೆ ಹಿಡಿತವೇ ಸಿಗಲ್ಲ.

ಜಾಝ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಇದಕ್ಕೆ ಏನು ಮಾಡಿದರು ಗೊತ್ತಾ? 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದವರು. 1969ರಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದರು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಅನ್ನೋ ತಂಡ ಕಟ್ಟಿದರು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅವರ ಹೆಸರು ಆಗ ಉತ್ತುಂಗದಲ್ಲಿತ್ತು. ಹಾಗಿದ್ದೂ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿಯೋಕೆ ಕೂತರು! ಆಮೇಲೆ ಗಿಬ್ಸನ್ ಕಂಪನಿ ಅವರಿಗಾಗಿಯೇ ಒಂದು ಗಿಟಾರ್ ಮಾಡಿಕೊಟ್ಟಿತು. ಮೆಟ್ಟಿಲುಗಳ ನಡುವಿನ ಮರವನ್ನ ಕೆತ್ತಿ ಹಳ್ಳ ಮಾಡಿದ್ದರು, ತಂತಿ ಎಳೆಯೋಕೆ ಬೆರಳಿಗೆ ಜಾಗ ಸಿಗಲಿ ಅಂತ. ಜೊತೆಗೆ ಅನುರಣನಕ್ಕೆ, ಅಂದರೆ ಜೊತೆದನಿ ಕೊಡೋಕೆ, ಅಡ್ಡಲಾಗಿ ಏಳು ತಂತಿ. ಆ ಗಿಟಾರ್ ಹಿಡಿದು, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನುಡಿಸಿದರು. ಅದೇ ಶಕ್ತಿ ತಂಡ. ಮೊದಲ ಆಲ್ಬಂ ಬಂದದ್ದು 1976ರಲ್ಲಿ. ಅದೇ ಹೆಸರಿನ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂದಾಗ ಅವರಿಗೆ 82 ವರ್ಷ.

ಇದನ್ನ ಎರಡೂ ಬರದವರ ಕೆಲಸ ಅನ್ನೋಕೆ ಬಾಯಿ ಹೇಗೆ ಬರುತ್ತೆ?

ಅಷ್ಟು ದೂರ ಯಾಕೆ ಹೋಗಬೇಕು. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಮೃದಂಗದ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಅವರು ಜಾಝ್ ಸ್ಯಾಕ್ಸೋಫೋನಿನ ಚಾರ್ಲಿ ಮರಿಯಾನೋ ಜೊತೆ ಮಾಡಿದ 'ಜ್ಯೋತಿ' ಆಲ್ಬಂ ಬಂದು ನಲವತ್ತು ವರ್ಷ ದಾಟಿತು. ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಕಛೇರಿಗೆ ನಾವೆಲ್ಲ ಜಾಗ ಹಿಡಿದು ಕೂತವರೇ ಅಲ್ವಾ? ಚೆನ್ನೈನ ಗಿಟಾರ್ ಪ್ರಸನ್ನ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತ್ಯಾಗರಾಜರ ಕೃತಿಗಳನ್ನೂ ನುಡಿಸುತ್ತಾರೆ, ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಜಾಝನ್ನೂ ಓದಿ ಬಂದಿದ್ದಾರೆ.

ನಿನ್ನೆಯ ಹುಡುಗ ಮಾಡಿದ್ದು ಎಷ್ಟು ಕಷ್ಟದ್ದು ಅಂತ ಒಂದೇ ಉದಾಹರಣೆ ಕೊಡ್ತೀನಿ. ನಮ್ಮ ಸಂಗೀತದಲ್ಲಿ ಷಡ್ಜ, ಅಂದರೆ ಆಧಾರದ 'ಸ', ಕದಲಲ್ಲ, ತಂಬೂರಿ ಹಿಡಿದುಕೊಂಡಿರುತ್ತೆ. ಜಾಝ್‌ನಲ್ಲಿ ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಬದಲಾಗ್ತಾ ಹೋಗುತ್ತೆ. ಕಲ್ಯಾಣಿ ನುಡಿಸುವಾಗ ಕಾರ್ಡ್ ಪಂಚಮಕ್ಕೆ ('ಪ') ಹೋಗಿ ಅಲ್ಲೇ ನಿಂತರೆ ಕಿವಿ ಪಂಚಮವನ್ನೇ ಷಡ್ಜ ಅಂದುಕೊಳ್ಳುತ್ತೆ. ಸ್ವರಗಳು ಅವೇ, ಆದರೆ ಕೇಳಿಸೋದು ಶಂಕರಾಭರಣ ಅನ್ನೋ ಬೇರೆ ರಾಗ. ಗ್ರಹಭೇದ, ಅಂದರೆ ಷಡ್ಜದ ಜಾಗ ಬದಲಿಸಿದರೆ ರಾಗವೇ ಬದಲಾಗೋದು, ಗೊತ್ತಿದ್ದವರಿಗೆ ಇದು ತಿಳಿಯುತ್ತೆ. ಆ ಹುಡುಗ ಹೆಬ್ಬೆರಳಿನಿಂದ ಕೆಳಗಿನ ಷಡ್ಜವನ್ನ ಮತ್ತೆ ಮತ್ತೆ ಮೀಟ್ತಾ, ಅದರ ಮೇಲೆ ಕಾರ್ಡ್ ಬದಲಿಸಿದ. ಕಲ್ಯಾಣಿಯ ಪ್ರತಿಮಧ್ಯಮ, ಅಂದರೆ ಎತ್ತರದ 'ಮ', ಒಂದು ಸಲವೂ ಜಾರಲಿಲ್ಲ. ರಾಗವೂ ಉಳಿಯಿತು, ಜಾಝೂ ಜಾಝ್ ಆಗಿಯೇ ಇತ್ತು. ನನಗೆ ಮೈ ಜುಮ್ಮೆಂದಿತು. ಪಕ್ಕದವರು ಅದೇ ಹೊತ್ತಿಗೆ ಮೊಬೈಲ್ ನೋಡ್ತಿದ್ದರು.

ಕೆಟ್ಟ ಫ್ಯೂಷನ್ ಇಲ್ವಾ ಅಂತ ಕೇಳ್ತೀರಿ. ಇದೆ, ಬೇಕಾದಷ್ಟಿದೆ. ಹಂಸಧ್ವನಿ ರಾಗದ ನಾಲ್ಕು ಸಾಲು, ಹಿಂದೆ ಡ್ರಮ್ಸ್ ಬಡಿತ, ಮುಗೀತು. ಆದರೆ ಶ್ರುತಿ ಸೇರದ ಕಛೇರಿಗಳನ್ನೂ ನಾವು ಕೇಳಿದ್ದೀವಿ. ಅಲ್ಲಿಂದ ಎದ್ದು ಬಂದು ಕರ್ನಾಟಕ ಸಂಗೀತವೇ ಸರಿಯಿಲ್ಲ ಅಂತ ಯಾರಾದ್ರೂ ಅಂದಿದ್ದಾರಾ? ಗಿಟಾರ್‌ನವನು ತಪ್ಪಿದರೆ ಮಾತ್ರ ಇಡೀ ದಾರಿಯೇ ತಪ್ಪು ಅಂತೀವಿ.

ನನಗೆ ಇಷ್ಟು ತಾಗೋಕೆ ಇನ್ನೊಂದು ಕಾರಣ ಇದೆ. ಅಕ್ಕನ ಮಗ ಗಿಟಾರ್ ಕಲೀತಿದ್ದಾನೆ. ಬೆಳಿಗ್ಗೆ ಮಲ್ಲೇಶ್ವರದಲ್ಲಿ ಬಾಯಲ್ಲೇ ತಾಳದ ಸೊಲ್ಲು ಹೇಳೋ ಕೊನ್ನಕ್ಕೋಲ್ ಪಾಠ, ಸಂಜೆ ಜಾಝ್ ಹಾರ್ಮನಿ. ಮನೆಯ ಒಂದು ಉಪನಯನದಲ್ಲಿ ನೆಂಟರೊಬ್ಬರು ಎಲ್ಲರ ಮುಂದೆ ಅವನಿಗೆ ಇದೇ ಮಾತು ಅಂದರು. ಮಗು ಅಲ್ಲಿ ನಕ್ಕು ಸುಮ್ಮನಾಯಿತು. ಮನೆಗೆ ಹೋಗಿ ಗಿಟಾರ್ ಚೀಲದೊಳಗೆ ಹಾಕಿ ಜಿಪ್ ಎಳೆದ. ಎಷ್ಟೋ ದಿನ ತೆಗೆಯಲಿಲ್ಲ. ಅಕ್ಕ ಫೋನ್ ಮಾಡಿ ಹೇಳಿದಾಗ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅವನ ಎಡಗೈ ಬೆರಳ ತುದಿ ನೋಡಿದ್ದೀನಿ ನಾನು. ತಂತಿ ಕೊರೆದು ಚರ್ಮ ಗಟ್ಟಿಯಾಗಿ ಸಾಲು ಸಾಲು ಗೆರೆ. ವೀಣೆಯಿಂದ ನನ್ನ ಬೆರಳಲ್ಲಿ ಬಿದ್ದಿರೋದೂ ಅಂಥದ್ದೇ ಗೆರೆ. ನನ್ನದಕ್ಕೆ ಸಾಧನೆ ಅಂತೀರಿ, ಅವನದಕ್ಕೆ ಆಟ ಅಂತೀರಾ?

ಈಗ ಮತ್ತೆ ನುಡಿಸ್ತಿದ್ದಾನೆ. ಈ ನಡುವೆ ಐದೆಣಿಕೆಯ ಖಂಡಚಾಪು ತಾಳದ ಮೇಲೆ ಕೂತಿದೆ ಅವನ ಗಮನ.

ಕಛೇರಿ ಏರ್ಪಡಿಸೋ ಸಂಗೀತ ಸಭಾಗಳಲ್ಲಿ ಕೆಲಸ ಮಾಡೋ ಗೆಳೆಯರು ಕೆಲವರು ಇದನ್ನ ಓದ್ತಿದ್ದೀರಿ. ನಿಮ್ಮಲ್ಲಿ ನೇರವಾಗಿಯೇ ಕೇಳ್ತೀನಿ. ಮುಂದಿನ ರಾಮನವಮಿಗೆ ಇಂಥ ಒಬ್ಬ ಗಿಟಾರ್ ವಾದಕನಿಗೆ ಸಂಜೆಯ ಪೂರ್ತಿ ಕಛೇರಿ ಕೊಡಿ. ಒಳ್ಳೆ ಮೃದಂಗದವರನ್ನ ಜೊತೆಗೆ ಕೂರಿಸಿ, ಕಛೇರಿಯ ದೊಡ್ಡ ಪರೀಕ್ಷೆಯಾದ ರಾಗ-ತಾನ-ಪಲ್ಲವಿ ನುಡಿಸೋಕೆ ಹೇಳಿ. ಕಲಾವಿದರ ಹೆಸರು, ಫೋನ್ ನಂಬರ್ ಎಲ್ಲ ನಾನು ಕಳಿಸ್ತೀನಿ. ಮೊದಲ ಸಾಲಿನಲ್ಲಿ ಆ ಹಿರಿಯರಿಗೂ ಒಂದು ಕುರ್ಚಿ ಇಡಿ.