ಸತ್ಯಾಂಶ: ನೆಟ್‌ವರ್ಕ್ ಇಲ್ಲದ ಘಾಟಿಯಲ್ಲೂ ಇಎಸ್‌ಸಿ ಕೆಲಸ ಮಾಡುತ್ತದೆ
ಮೊಬೈಲ್ ಸಿಗ್ನಲ್ ಸಿಗದ ಘಾಟಿಗಳಲ್ಲಿ ಕಾರಿನ ಇಎಸ್‌ಸಿ, ಅಂದರೆ ಜಾರದಂತೆ ತಡೆಯುವ ಸ್ಥಿರತಾ ವ್ಯವಸ್ಥೆ, ನಿಂತುಹೋಗುತ್ತದೆ ಎಂಬ ಫಾರ್ವರ್ಡ್ ಸಂದೇಶ ಸುಳ್ಳು.

ಅದಕ್ಕೆ ಹೊರಗಿನ ನೆಟ್‌ವರ್ಕ್ ಬೇಕಿಲ್ಲ. ಚಕ್ರಗಳ ವೇಗ, ಸ್ಟೀರಿಂಗ್ ಕೋನ, ಕಾರು ಅಡ್ಡ ತಿರುಗುತ್ತಿರುವ ವೇಗ ಇವನ್ನೆಲ್ಲ ಸೆನ್ಸರ್‌ಗಳು ಅಳೆದು ತಂತಿಯ ಮೂಲಕವೇ ನಿಯಂತ್ರಣ ಘಟಕಕ್ಕೆ ತಲುಪಿಸುತ್ತವೆ. ಘಟಕಗಳ ನಡುವಿನ ಮಾತುಕತೆ ಸಾಮಾನ್ಯವಾಗಿ ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಬಸ್ ಎಂಬ ಕಾರಿನೊಳಗಿನ ತಂತಿಜಾಲದಲ್ಲಿ ನಡೆಯುತ್ತದೆ: ಹೆಣೆದ ಎರಡೇ ತಂತಿ. ಎರಡು ಸಂದೇಶಗಳು ಒಟ್ಟಿಗೆ ಹೊರಟರೆ ಚಿಕ್ಕ ಗುರುತುಸಂಖ್ಯೆಯದು ಮುಂದುವರಿಯುತ್ತದೆ, ಇನ್ನೊಂದು ಕಾಯುತ್ತದೆ. ನಮ್ಮ ವೃತ್ತಗಳಲ್ಲಿ ಕಾಣದ ಶಿಸ್ತು! ಚಾಲಕ ಬಯಸಿದ ದಿಕ್ಕಿಗೂ ಕಾರಿನ ಚಲನೆಗೂ ತಾಳೆಯಾಗದಿದ್ದರೆ ಘಟಕವು ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಹಾಕುತ್ತದೆ, ಎಂಜಿನ್ ಶಕ್ತಿಯನ್ನೂ ತಗ್ಗಿಸಬಹುದು.

ಆಗ ಡ್ಯಾಶ್‌ಬೋರ್ಡ್ ದೀಪ ಮಿನುಗುವುದು ಸಹಜ. ಅದು ಆರದೆ ಉರಿಯುತ್ತಲೇ ಇದ್ದರೆ ವ್ಯವಸ್ಥೆಯನ್ನು ಆಫ್ ಮಾಡಲಾಗಿದೆಯೇ ನೋಡಿ. ಇಲ್ಲವಾದರೆ ಗ್ಯಾರೇಜಿಗೆ ತೋರಿಸಿ.